ಹಳೆಯ ಲೆನ್ಸಿನಲ್ಲಿ ಬೆಳಕಿನ ಲೆಕ್ಕ ತಪ್ಪುವುದೆಲ್ಲಿ?

ಹಲವು ದಶಕಗಳ ಹಿಂದಿನ ಮ್ಯಾನುಯಲ್ ಲೆನ್ಸುಗಳನ್ನು ಹುಡುಕಿ ಕೊಳ್ಳುವವರು ಈಗ ಬಹಳ ಮಂದಿ. ನಿಕಾನಿನ ಹಳೆಯ 50 ಎಂ.ಎಂ., ಪೆಂಟಾಕ್ಸಿನ ಟಕುಮಾರ್, ಸೋವಿಯತ್ ಕಾಲದ ಹೀಲಿಯೋಸ್ 44 ಇವೆಲ್ಲದರ ಮೈ ಲೋಹದ್ದು, ಗಾಜು ಇಂದಿಗೂ ಚೆನ್ನ. ಆದರೆ ಕೊಂಡವರಿಂದ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಅದೇ ಗೋಡೆ, ಅದೇ ಬೆಳಕು, ಅದೇ ಸೆಟ್ಟಿಂಗು. ಒಂದು ಚಿತ್ರ ಸರಿಯಾಗಿ ಬಂದರೆ ಇನ್ನೊಂದು ಬಿಳಿಚಿಕೊಂಡಿರುತ್ತದೆ. ಕೂಡಲೇ ಸ್ಕ್ರೂಡ್ರೈವರ್ ಹಿಡಿಯುವ ಆಸೆಯಾಗುತ್ತದೆ. ಅದನ್ನು ತಡೆದುಕೊಳ್ಳಬೇಕು. ತಪ್ಪು ಯಾವ ಎಫ್ ಸಂಖ್ಯೆಯಲ್ಲಿ, ಎಂಥ ಕ್ಯಾಮೆರಾದಲ್ಲಿ, ಎಷ್ಟನೆಯ ಚಿತ್ರದಲ್ಲಿ ಆಗುತ್ತಿದೆ ಎಂದು ಗಮನಿಸಿದರೆ, ಕೆಟ್ಟಿರುವ ಭಾಗ ಯಾವುದೆಂದು ಬಿಚ್ಚದೆಯೇ ತಿಳಿಯುತ್ತದೆ.

ಲೆನ್ಸಿನ ನಾಭಿದೂರವನ್ನು ಮುಂದಿನಿಂದ ಕಾಣುವ ರಂಧ್ರದ ವ್ಯಾಸದಿಂದ ಭಾಗಿಸಿದರೆ ಸಿಗುವುದೇ ಎಫ್ ಸಂಖ್ಯೆ. 50 ಎಂ.ಎಂ. ಲೆನ್ಸಿನಲ್ಲಿ ಎಫ್ 2.8 ಇಟ್ಟರೆ ರಂಧ್ರ ಸುಮಾರು 18 ಮಿಲಿಮೀಟರ್; ಎಫ್ 16 ಇಟ್ಟರೆ ಬರೀ 3 ಮಿಲಿಮೀಟರ್ ಚಿಲ್ಲರೆ. ಈಗ ರಂಧ್ರ ಬೇಕಾದುದಕ್ಕಿಂತ ಒಂದು ಮಿಲಿಮೀಟರ್ ಅಗಲವಾಗಿಯೇ ಉಳಿಯಿತು ಎಂದುಕೊಳ್ಳಿ. ಎಫ್ 2.8ರಲ್ಲಿ ಒಳಬರುವ ಬೆಳಕು ಶೇ. 11ರಷ್ಟು ಹೆಚ್ಚಾದೀತು, ಕಣ್ಣಿಗೆ ಗೊತ್ತೂ ಆಗದು. ಎಫ್ 16ರಲ್ಲಿ ಅದೇ ಒಂದು ಮಿಲಿಮೀಟರು ಬೆಳಕನ್ನು ಶೇ. 74ರಷ್ಟು ಏರಿಸುತ್ತದೆ. ಆದ್ದರಿಂದ ಪೂರ್ತಿ ತೆರೆದಾಗ ಸರಿಯಿದ್ದು, ಕಿರಿದಾಗಿಸಿದಷ್ಟೂ ಚಿತ್ರ ಬಿಳಿಚುತ್ತಾ ಹೋದರೆ ಮೊದಲ ಅನುಮಾನ ರಂಧ್ರವನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಬ್ಲೇಡುಗಳ ಮೇಲೆ.

ಕನ್ನಡಿಯಿರುವ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ನೋಟ ಬೆಳಗಿರಲೆಂದು ಲೆನ್ಸ್ ಸಾಮಾನ್ಯವಾಗಿ ಪೂರ್ತಿ ತೆರೆದೇ ಇರುತ್ತದೆ. ಬಟನ್ ಒತ್ತಿದ ಮೇಲೆ, ಕನ್ನಡಿ ಮೇಲೆದ್ದು ಶಟರ್ ತೆರೆಯುವಷ್ಟರೊಳಗೆ, ಸ್ಪ್ರಿಂಗಿನ ಬಲದಿಂದ ಬ್ಲೇಡುಗಳು ನಾವು ಇಟ್ಟ ಅಳತೆಗೆ ಮುಚ್ಚಿಕೊಳ್ಳಬೇಕು. ಅದಕ್ಕೆ ಸಿಗುವುದು ಸೆಕೆಂಡಿನ ತೀರಾ ಸಣ್ಣ ಪಾಲು. ಫೋಕಸ್ ತಿರುಚುವ ಮರೆಗೆ (ಥ್ರೆಡ್) ಹಚ್ಚಿದ ಗ್ರೀಸು ವರ್ಷಗಟ್ಟಲೆ ಬಿಸಿಗೆ ಸಿಕ್ಕಿ ಎಣ್ಣೆ ಬಿಡುತ್ತದೆ. ಎಣ್ಣೆ ಹರಿದು ಬ್ಲೇಡುಗಳ ಸಂದು ಸೇರುತ್ತದೆ. ಒದ್ದೆಯಾದ ಎರಡು ಗಾಜಿನ ಹಲಗೆಗಳು ಒಂದಕ್ಕೊಂದು ಹಿಡಿದುಕೊಳ್ಳುವಂತೆ ಬ್ಲೇಡುಗಳೂ ಹಿಡಿದುಕೊಳ್ಳುತ್ತವೆ. ಸ್ಪ್ರಿಂಗ್ ಎಳೆದರೂ ಅವು ತಡವಾಗಿ ಮುಚ್ಚುತ್ತವೆ, ಅಷ್ಟರಲ್ಲಿ ಶಟರ್ ತೆರೆದಾಗಿರುತ್ತದೆ. ಹಲವು ಲೆನ್ಸುಗಳಲ್ಲಿ ಮೊದಲ ಚಿತ್ರವೇ ಹೆಚ್ಚು ಕೆಡುತ್ತದೆ. ನಾಲ್ಕಾರು ಬಾರಿ ಆಡಿದ ಮೇಲೆ ಬ್ಲೇಡು ಸ್ವಲ್ಪ ಸಡಿಲಗೊಂಡು ಚಿತ್ರ ಸುಧಾರಿಸುತ್ತದೆ. ನಮ್ಮ ಬೇಸಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಲೆನ್ಸ್ ಬಿಟ್ಟುಹೋಗುವವರು ಈ ರೋಗವನ್ನು ತಾವೇ ಕರೆದಂತೆ.

ಅದೇ ಲೆನ್ಸನ್ನು ಅಡಾಪ್ಟರ್ ಹಾಕಿ ಮಿರರ್‌ಲೆಸ್ ಕ್ಯಾಮೆರಾಕ್ಕೆ ಜೋಡಿಸಿ ನೋಡಿ. ಅಲ್ಲಿ ಬ್ಲೇಡುಗಳು ಮೊದಲೇ ಮುಚ್ಚಿಕೊಂಡಿರುತ್ತವೆ, ಸೆನ್ಸರು ತನ್ನ ಮೇಲೆ ನಿಜವಾಗಿ ಬಿದ್ದ ಬೆಳಕನ್ನೇ ಅಳೆಯುತ್ತದೆ. ಮಿರರ್‌ಲೆಸ್‌ನಲ್ಲಿ ಸರಿ, ಎಸ್‌ಎಲ್‌ಆರ್‌ನಲ್ಲಿ ತಪ್ಪು ಎಂದಾದರೆ ಬ್ಲೇಡಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಹೀಲಿಯೋಸ್ 44-2ರಂಥ, ಕೈಯಿಂದಲೇ ರಂಧ್ರ ಮುಚ್ಚುವ ಲೆನ್ಸಿನಲ್ಲಿ ಬ್ಲೇಡಿಗೆ ಎಣ್ಣೆ ಹತ್ತಿದ್ದರೂ ಎಕ್ಸ್‌ಪೋಶರಿಗೆ ತೊಂದರೆಯಿಲ್ಲ. ಅಂಥದ್ದನ್ನು ಬಿಚ್ಚದಿರುವುದೇ ಮೇಲು ಎಂದು ನನ್ನ ಅಭಿಪ್ರಾಯ.

ಲೆನ್ಸಿನದಲ್ಲದ ತಪ್ಪುಗಳೂ ಇವೆ. ಎಂ42 ಮರೆಯ ಹಲವು ಲೆನ್ಸುಗಳ ಹಿಂದೆ ಒಂದು ಪುಟ್ಟ ಪಿನ್ ಇರುತ್ತದೆ. ಅದನ್ನು ಒತ್ತುವ ಅಂಚು ಅಡಾಪ್ಟರಿನಲ್ಲಿ ಇಲ್ಲದಿದ್ದರೆ, ಆಟೊ ಸ್ಥಾನದಲ್ಲಿಟ್ಟ ಲೆನ್ಸ್ ಯಾವ ಸಂಖ್ಯೆಗೆ ತಿರುಗಿಸಿದರೂ ಪೂರ್ತಿ ತೆರೆದೇ ಇರುತ್ತದೆ. ಡಿಎಸ್‌ಎಲ್‌ಆರ್‌ಗಳಲ್ಲಿ ಮೀಟರು ಬೆಳಕನ್ನು ನೋಡುವುದು ಫೋಕಸಿಂಗ್ ಸ್ಕ್ರೀನಿನ ಮೂಲಕ. ಇಂದಿನ ಸ್ಕ್ರೀನುಗಳು ಎಫ್ 1.4ಕ್ಕೂ ಎಫ್ 2.8ಕ್ಕೂ ಇರುವ ಅಂತರವನ್ನು ಸರಿಯಾಗಿ ತೋರಿಸುವುದಿಲ್ಲ. ಹಾಗಾಗಿ ಅಡಾಪ್ಟರ್ ಹಾಕಿದ ಲೆನ್ಸಿನಲ್ಲಿ ರಂಧ್ರ ಬದಲಾದಂತೆ ಮೀಟರಿನ ತಪ್ಪೂ ಬದಲಾಗುತ್ತದೆ. ಲೈವ್ ವ್ಯೂನಲ್ಲಿ ಅಳೆದಾಗ ಸರಿಹೋದರೆ ಲೆನ್ಸ್ ನಿರ್ದೋಷಿ. ಟ್ರೈಪಾಡಿನ ಮೇಲಿಟ್ಟಾಗ ವ್ಯೂಫೈಂಡರಿನ ಹಿಂದಿನಿಂದ ಬಿಸಿಲು ನುಗ್ಗಿದರೂ ಮೀಟರು ಮೋಸಹೋಗುತ್ತದೆ.

ನಿಕಾನ್ ಲೆನ್ಸಾದರೆ ಕೊನೆಯ ಪರೀಕ್ಷೆ ಸುಲಭ. ಕ್ಯಾಮೆರಾದಿಂದ ತೆಗೆದು ಎಫ್ 16ಕ್ಕೆ ತಿರುಗಿಸಿ, ಹಿಂಬದಿಯ ಸಣ್ಣ ಲಿವರನ್ನು ತಳ್ಳಿ ಬಿಡಿ. ಬ್ಲೇಡುಗಳು ಚಟ್ಟನೆ ಮುಚ್ಚಬೇಕು. ನಿಧಾನವಾಗಿ ತೆವಳಿದರೆ, ಅವುಗಳ ಮೇಲೆ ಜಿಡ್ಡಿನ ಹೊಳಪು ಕಂಡರೆ, ರಿಪೇರಿ ಬೇಕು.

ರಿಪೇರಿಯೆಂದರೆ ಗಾಜಿನ ಗುಂಪುಗಳನ್ನು ಹೊರತೆಗೆದು ಬ್ಲೇಡುಗಳನ್ನು ತೊಳೆಯುವುದು. ಜಪಾನಿನ ಲೆನ್ಸುಗಳ ತಿರುಪು ತಲೆಗೆ ಜಪಾನಿ ಮಾನಕದ ಸ್ಕ್ರೂಡ್ರೈವರೇ ಬೇಕು, ಬೇರೆಯದು ತಲೆಯನ್ನು ಸವೆಸುತ್ತದೆ. ಫೋಕಸ್ ಮರೆಯನ್ನು ಬಿಚ್ಚಲೇಬೇಕಾಗಿ ಬಂದರೆ ಅದು ಕಳಚಿಕೊಳ್ಳುವ ಜಾಗಕ್ಕೆ ಗುರುತು ಹಾಕಿಕೊಳ್ಳಬೇಕು. ಆ ಮರೆಗೆ ಹಲವು ಬಾಯಿಗಳಿರುತ್ತವೆ, ತಪ್ಪು ಬಾಯಿಗೆ ಕೂರಿಸಿದರೆ ಫೋಕಸ್ ಅನಂತಕ್ಕೆ ಮುಟ್ಟುವುದಿಲ್ಲ. ಬ್ಲೇಡುಗಳನ್ನು ಬಿಡಿಬಿಡಿಯಾಗಿ ತೆಗೆಯುವ ಗೋಜಿಗೆ ಹೋಗದೆ, ಸಿಗರೇಟ್ ಲೈಟರಿಗೆ ತುಂಬುವ ನ್ಯಾಫ್ತಾದಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಮೆಲ್ಲಗೆ ಒರೆಸಿ, ರಂಧ್ರವನ್ನು ಮುಚ್ಚಿ ತೆರೆದು, ಮತ್ತೆ ಒರೆಸಬೇಕು. ನ್ಯಾಫ್ತಾ ಬೇಗ ಹೊತ್ತಿಕೊಳ್ಳುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ದೀಪ ಒಲೆ ಬೇಡ. ತೊಳೆದ ಬ್ಲೇಡಿಗೆ ಯಾವ ಎಣ್ಣೆಯನ್ನೂ ಹಚ್ಚಬಾರದು, ಅವು ಒಣಗಿಯೇ ಆಡಬೇಕಾದವು.

ಒಂದೇ ಸಲದ ತೊಳೆತದಲ್ಲಿ ಎಣ್ಣೆ ಪೂರ್ತಿ ಹೋಗುವುದು ಅಪರೂಪ. ನ್ಯಾಫ್ತಾ ಆರಿಹೋಗುವಾಗ ಕರಗಿದ ಎಣ್ಣೆ ತೆಳುಪದರವಾಗಿ ಹಿಂದೆ ಉಳಿಯುತ್ತದೆ, ಸಂದಿಯಲ್ಲಿದ್ದದ್ದು ನಿಧಾನವಾಗಿ ಮತ್ತೆ ಹರಿದು ಬರುತ್ತದೆ. ಆದ್ದರಿಂದ ಲೆನ್ಸನ್ನು ಜೋಡಿಸುವ ಮೊದಲು ಕೆಲವು ದಿನ ಧೂಳು ಬೀಳದಂತೆ ಮುಚ್ಚಿಟ್ಟು ಲಿವರಿನ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಜೋಡಿಸಿದ ಮೇಲೆ ಒಂದೇ ಸಮ ಬೆಳಕಿನ ಗೋಡೆಯ ಮುಂದೆ ಎಫ್ 2.8ರಿಂದ ಎಫ್ 16ರವರೆಗೆ, ಪ್ರತಿ ಹೆಜ್ಜೆಗೂ ಶಟರ್ ಸಮಯವನ್ನು ಇಮ್ಮಡಿಸುತ್ತಾ ಚಿತ್ರ ತೆಗೆದು, ಆರೂ ಚಿತ್ರಗಳ ಹಿಸ್ಟೋಗ್ರಾಮ್ ಹೋಲಿಸಿ ನೋಡಬೇಕು.