ಟೋಪಿ ಧರಿಸಿ ಬೂಟು ತೊಟ್ಟ ಮಣ್ಣಿನ ಮನೆಗಳು

ಮಣ್ಣಿನ ಮನೆಯೆಂದೊಡನೆ ಬಡವನ ಗುಡಿಸಲು, ನಾಲ್ಕಾರು ಮಳೆಗಾಲಗಳಲ್ಲಿ ಕುಸಿದುಬೀಳುವ ಗೋಡೆ ಎಂಬ ಚಿತ್ರವೇ ಮನಸ್ಸಿನಲ್ಲಿ ಮೂಡುತ್ತದೆ. ಇಂಗ್ಲೆಂಡಿನ ನೈಋತ್ಯ ಭಾಗದ ಡೆವನ್ ಪ್ರಾಂತವನ್ನು ಕಂಡವರು ಈ ಎಣಿಕೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಅಟ್ಲಾಂಟಿಕ್ ಸಾಗರದ ತೇವದ ಗಾಳಿಯಿಂದಾಗಿ ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಮಳೆ ಸುರಿಯುವ ಆ ನಾಡಿನಲ್ಲಿ, ನಾನೂರು ಐನೂರು ವರ್ಷಗಳಷ್ಟು ಹಳೆಯ ಮಣ್ಣಿನ ಮನೆಗಳಲ್ಲಿ ಜನರು ಇಂದಿಗೂ ಸುಖವಾಗಿ ಬಾಳುತ್ತಿದ್ದಾರೆ. ಪ್ರಸಿದ್ಧ ನಾವಿಕ ಸರ್ ವಾಲ್ಟರ್ ರಾಲೀ ಹದಿನಾರನೆಯ ಶತಮಾನದ ಮಧ್ಯಭಾಗದಲ್ಲಿ ಜನಿಸಿದ ಹೇಸ್ ಬಾರ್ಟನ್ ಎಂಬ ಮನೆಯೂ ಅಂಥದೇ. ಮಣ್ಣಿನ ಗೋಡೆ, ಹುಲ್ಲಿನ ಮಾಡು.

ಈ ಬಗೆಯ ಗೋಡೆಗೆ ಅಲ್ಲಿ ‘ಕಾಬ್’ ಎಂದು ಹೆಸರು. ಮೇಲ್ಮಣ್ಣನ್ನು ಸರಿಸಿ, ಅದರಡಿಯ ಜೇಡಿಮಣ್ಣಿಗೆ ನೀರನ್ನೂ ಒಣಹುಲ್ಲನ್ನೂ ಬೆರೆಸಿ, ಎತ್ತುಗಳಿಂದಲೋ ಮನುಷ್ಯರಿಂದಲೋ ತುಳಿಸಿ ಹದಗೊಳಿಸುತ್ತಿದ್ದರು. ಅಚ್ಚಿಲ್ಲ, ಇಟ್ಟಿಗೆಯಿಲ್ಲ. ಒಂದೆರಡು ಅಡಿ ಎತ್ತರಕ್ಕೆ ಒಂದು ವರಸೆ ಮಣ್ಣನ್ನು ಪೇರಿಸುವುದು, ಅದು ಗಟ್ಟಿಯಾಗುವ ತನಕ ಕಾಯುವುದು, ಬಳಿಕ ಅದರ ಮೇಲೆ ಇನ್ನೊಂದು ವರಸೆ. ಗೋಡೆಯ ದಪ್ಪ ಸುಮಾರು 2 ಅಡಿ. ಅವಸರಪಟ್ಟವನ ಗೋಡೆ ತನ್ನ ಭಾರಕ್ಕೆ ತಾನೇ ಉಬ್ಬುತ್ತಿದ್ದುದರಿಂದ ತಾಳ್ಮೆಯೇ ಈ ಕಸುಬಿನ ಮೊದಲ ಪಾಠವಾಗಿತ್ತು.

ಒಳ್ಳೆಯ ಟೋಪಿಯೂ ಒಳ್ಳೆಯ ಬೂಟುಗಳೂ ಇದ್ದರೆ ಕಾಬ್ ಗೋಡೆಗೆ ಬೇರೇನೂ ಬೇಡವೆಂಬುದು ಡೆವನ್ನಿನ ನಾಣ್ಣುಡಿ. ಬೂಟೆಂದರೆ ನೆಲದ ತೇವ ಮೇಲೇರದಂತೆ ತಡೆಯುವ ಕಲ್ಲಿನ ಪಂಚಾಂಗ. ಟೋಪಿಯೆಂದರೆ ಕಡಿದಾಗಿ ಇಳಿಯುವ, ಸೂರು ಗೋಡೆಯಿಂದ ಬಹು ಮುಂದಕ್ಕೆ ಚಾಚಿದ ಹುಲ್ಲಿನ ಮಾಡು. ಸವೆದ ಮೇಲ್ಪದರವನ್ನು ಕೆಲವು ದಶಕಗಳಿಗೊಮ್ಮೆ ಬದಲಿಸಿ, ಒಳಪದರವನ್ನು ಹಾಗೆಯೇ ಉಳಿಸುತ್ತಾರೆ. ಆದುದರಿಂದಲೇ, ಹೊಗೆಗೂಡಿಲ್ಲದ ಮಧ್ಯಯುಗದ ಮನೆಗಳ ಒಲೆಯ ಹೊಗೆಯಿಂದ ಕಪ್ಪಾದ ಹುಲ್ಲು ಕೆಲವು ಮಾಡುಗಳ ಅಡಿಯಲ್ಲಿ ಇಂದಿಗೂ ಕಾಣಸಿಗುತ್ತದೆ!

ಇನ್ನು ಗೋಡೆಯ ಅಂಗಿಯ ಮಾತು. ಹಿಂದಿನವರು ಅದಕ್ಕೆ ಸುಣ್ಣದ ಗಾರೆ ಮೆತ್ತಿ, ಮೇಲೆ ಸುಣ್ಣ ಬಳಿಯುತ್ತಿದ್ದರು. ಸುಣ್ಣವು ಮಳೆಯ ತೇವವನ್ನು ತುಸು ಹೀರಿದರೂ ಬಿಸಿಲು ಗಾಳಿಗೆ ಅದನ್ನು ಮರಳಿ ಬಿಟ್ಟುಕೊಡುತ್ತದೆ, ಗೋಡೆ ಉಸಿರಾಡುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಮನೆಗಳಿಗೆ ವಿಪತ್ತು ಬಂದುದು ಮಳೆಯಿಂದಲ್ಲ, ಮನೆಯೊಡೆಯರ ಸದುದ್ದೇಶದಿಂದ. ಗೋಡೆ ಇನ್ನಷ್ಟು ಭದ್ರವಾಗಲೆಂದು ಅನೇಕರು ಸಿಮೆಂಟಿನ ಗಾರೆ ಮಾಡಿಸಿದರು. ಆದರೆ ಬಿರುಸಾದ ಸಿಮೆಂಟು ಮಣ್ಣಿನೊಡನೆ ಹಿಗ್ಗಿ ಕುಗ್ಗಲಾರದೆ ಬಿರುಕು ಬಿಡುತ್ತದೆ. ಕೂದಲೆಳೆಯಷ್ಟು ಬಿರುಕಿನಿಂದ ಒಳಸೇರಿದ ನೀರು ಹೊರಬರಲು ದಾರಿ ಕಾಣದೆ ಗೋಡೆಯ ಬುಡದಲ್ಲಿ ಸಂಗ್ರಹವಾಗುತ್ತದೆ. ಹೊರಗೆ ಎಲ್ಲವೂ ಅಂದವಾಗಿರುವಾಗಲೇ ಒಳಗಿನ ಮಣ್ಣು ಮತ್ತೆ ಕೆಸರಾಗಿ, ಶತಮಾನಗಳನ್ನು ಕಂಡ ಗೋಡೆ ಒಂದು ದಿನ ಹಠಾತ್ತನೆ ಕುಸಿಯುತ್ತದೆ. ವಿಲಿಯಂ ಮಾರಿಸ್ ಮೊದಲಾದವರು 1877ರಲ್ಲಿ ಸ್ಥಾಪಿಸಿದ ಪ್ರಾಚೀನ ಕಟ್ಟಡಗಳ ಸಂರಕ್ಷಣಾ ಸಂಘವು ಇಂಥ ಗೋಡೆಗಳಿಗೆ ಮಣ್ಣು ಸುಣ್ಣಗಳಿಂದಲೇ ದುರಸ್ತಿ ಮಾಡಬೇಕೆಂದು ತಿಳಿಹೇಳುತ್ತ ಬಂದಿದೆ.

ಈ ವಿದ್ಯೆ ಅಳಿದುಹೋಗಿಲ್ಲವೆಂಬುದು ಸಂತೋಷದ ವಿಷಯ. 2017ರಲ್ಲಿ ಆರಂಭವಾದ ಯೋಜನೆಯೊಂದರಲ್ಲಿ ಪ್ಲಿಮತ್ ವಿಶ್ವವಿದ್ಯಾಲಯದವರು ಫ್ರಾನ್ಸಿನ ತಜ್ಞರೊಡಗೂಡಿ ಎರಡು ಪದರಗಳ ಕಾಬ್ ಗೋಡೆಯನ್ನು ರೂಪಿಸಿದರು. ಭಾರ ಹೊರಲು ಒಂದು ಗಟ್ಟಿ ಪದರ, ಚಳಿಯನ್ನು ತಡೆಯಲು ನಾರು ಹೆಚ್ಚಾಗಿರುವ ಇನ್ನೊಂದು ಹಗುರ ಪದರ. ಫ್ರಾನ್ಸಿನ ನಾರ್ಮಂಡಿಯಲ್ಲಿಯೂ ‘ಬೋಜ್’ ಎಂಬ ಹೆಸರಿನಲ್ಲಿ ಇದೇ ಬಗೆಯ ಮಣ್ಣಿನ ಮನೆಗಳ ಪರಂಪರೆಯಿದೆ.

ಎತ್ತರದ ಜಗಲಿ, ಮುಂಚಾಚಿದ ಸೂರುಗಳ ಮರ್ಮ ನಮ್ಮ ಹಿರಿಯರಿಗೂ ಹೊಸತಾಗಿರಲಿಲ್ಲ. ಹಳೆಯ ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿಸುವ ಯೋಚನೆ ಯಾರಿಗಾದರೂ ಬಂದರೆ, ನೀರು ಒಳಬಾರದಂತೆ ಮಾಡುವುದು ಹೇಗೆಂದು ಚಿಂತಿಸಿದರೆ ಸಾಲದು. ಒಳಬಂದ ನೀರು ಹೊರಹೋಗುವುದು ಹೇಗೆಂದೂ ಕೇಳಿಕೊಳ್ಳಬೇಕು. ಡೆವನ್ನಿನ ಮನೆಗಳ ದೀರ್ಘಾಯುಷ್ಯದ ಗುಟ್ಟು ಅಡಗಿರುವುದು ಈ ಎರಡನೆಯ ಪ್ರಶ್ನೆಯಲ್ಲಿಯೇ.