ಕುಡುಪು, ಡೋಲು ಮತ್ತು ಕತೆ: ಕೊರಗರ ಕುಶಲಕಲೆಯನ್ನು ಪ್ರದರ್ಶಿಸುವ ಬಗೆ

ಉಡುಪಿ, ಕಾಪು, ಕಾರ್ಕಳ ಪರಿಸರದ ಹಳೆಯ ಮನೆಗಳಲ್ಲಿ ಅನ್ನ ಬಸಿಯುವ ಕುಡುಪು, ಅಕ್ಕಿ ಗೇರುವ ತಡ್ಪೆ, ಗೊಬ್ಬರ ಹೊರುವ ಕುರುವೆ, ಹಸುಳೆಯ ತೊಟ್ಟಿಲು ಇವೆಲ್ಲ ಬಹುಮಟ್ಟಿಗೆ ಕೊರಗರ ಕೈಯಿಂದ ಬಂದವು. ಹೆಣೆದವರಿಗೆ ಮಾತ್ರ ಆ ಮನೆಗಳ ಒಳಗೆ ಪ್ರವೇಶವಿರಲಿಲ್ಲ. ವಸ್ತುವನ್ನು ಒಳಗೆ ಕರೆದುಕೊಂಡು ಅದನ್ನು ಮಾಡಿದವರನ್ನು ಅಂಗಳದಾಚೆ ನಿಲ್ಲಿಸಿದ ಈ ವ್ಯವಸ್ಥೆಯನ್ನು ಮರೆತು ಕೊರಗರ ಕುಶಲಕಲೆಯ ಸಂರಕ್ಷಣೆಯನ್ನು ಚರ್ಚಿಸಲಾಗದು. ಇಂತಹ ಸಮುದಾಯದ ಕಲೆಯನ್ನು ಪ್ರದರ್ಶನದ ಮೂಲಕ ಉಳಿಸುವುದೆಂದರೆ ಏನು, ಅದರಲ್ಲಿ ಮಾತನಾಡುವ ಅಧಿಕಾರ ಯಾರದು ಎಂಬುದನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

ಕೊರಗರ ಹೆಣಿಗೆ ಕಾಡಿನ ಅರಿವನ್ನು ಅವಲಂಬಿಸಿದೆ. ಯಾವ ಬಳ್ಳಿಯನ್ನು ಎಷ್ಟು ಬಲಿತಾಗ ಕೊಯ್ಯಬೇಕು, ಹೇಗೆ ಸೀಳಬೇಕು, ಯಾವುದು ನೀರಿಗೆ ತಾಳುತ್ತದೆ ಎಂಬ ತಿಳಿವು ಪುಸ್ತಕದಲ್ಲಿಲ್ಲ. ಹಿರಿಯರ ಜೊತೆ ಕಾಡಿಗೆ ಹೋಗಿಯೇ ಅದನ್ನು ಕಲಿಯಬೇಕು. ಅಲ್ಯುಮಿನಿಯಂ, ಸ್ಟೀಲ್ ಮತ್ತು ಪ್ಲಾಸ್ಟಿಕ್ ಪಾತ್ರೆಗಳು ಬಂದ ಬಳಿಕ ಬೇಡಿಕೆ ಕುಸಿಯಿತು. ಕಾಡಿನ ಪ್ರವೇಶವೂ ಕಿರಿದಾಯಿತು. ಕಾರ್ಕಳದ ಪೂರ್ವದಿಕ್ಕಿನ ಘಟ್ಟದ ಕಾಡುಗಳ ಒಂದು ಭಾಗವು 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. 2006ರ ಅರಣ್ಯ ಹಕ್ಕು ಕಾಯಿದೆಯು ಬಿದಿರು, ಬೆತ್ತ ಮೊದಲಾದ ಕಿರು ಅರಣ್ಯೋತ್ಪನ್ನಗಳ ಮೇಲೆ ಬುಡಕಟ್ಟುಗಳ ಹಕ್ಕನ್ನು ಮಾನ್ಯಮಾಡಿದೆ. ಕುಡುಪನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬಳ್ಳಿಯ ಪ್ರಶ್ನೆಯನ್ನು ಕೈಬಿಟ್ಟರೆ ಉಳಿಯುವುದು ವಸ್ತು ಮಾತ್ರ, ವಿದ್ಯೆಯಲ್ಲ.

ಈ ವಿದ್ಯೆಯ ಜೊತೆಗೆ ಒಂದು ನುಡಿಯೂ ಇದೆ. ಲಿಪಿಯಿಲ್ಲದ ಕೊರಗ ಭಾಷೆಯನ್ನು ಕುರಿತು ಡಿ.ಎನ್. ಶಂಕರ ಬಟ್ ಅವರ ವ್ಯಾಕರಣಾತ್ಮಕ ಅಧ್ಯಯನವು 1971ರಲ್ಲಿ ಪ್ರಕಟವಾಯಿತು. ಆದರೆ ಇಂದು ಬಹುಪಾಲು ಕೊರಗರು ತುಳು ಅಥವಾ ಕನ್ನಡವನ್ನೇ ಆಡುತ್ತಾರೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಈ ಸಮುದಾಯದ ಒಟ್ಟು ಸಂಖ್ಯೆಯೇ ಹದಿನೈದು ಸಾವಿರಕ್ಕಿಂತ ಕಡಿಮೆ. ಇಂತಹ ಸ್ಥಿತಿಯಲ್ಲಿ ಒಂದು ಬುಟ್ಟಿಯ ಕೊರಗ ಹೆಸರು ಮರೆಯಾಗುವುದು ಸಣ್ಣ ಸಂಗತಿಯಲ್ಲ.

ಕೊರಗರ ಕತೆಗಳನ್ನು ಹೆಚ್ಚಾಗಿ ಅನ್ಯರೇ ಬರೆದಿದ್ದಾರೆ. ಹುಬಾಶಿಕನೆಂಬ ಅರಸನ ಕಾಲದಲ್ಲಿ ನಾಡನ್ನಾಳಿದವರು ಮುಂದೆ ಸೋತು ಕಾಡು ಸೇರಿದರೆಂಬ ಐತಿಹ್ಯವನ್ನು ಎಡ್ಗರ್ ಥರ್ಸ್ಟನ್ 1909ರ ತನ್ನ ಸಂಪುಟಗಳಲ್ಲಿ ದಾಖಲಿಸಿದ್ದಾನೆ. ಕೊರಗ ತನಿಯನ ಪಾಡ್ದನವು ಹಲವು ಪಾಠಗಳಲ್ಲಿ ದೊರೆಯುತ್ತದೆ. ತಬ್ಬಲಿ ಬಾಲಕನನ್ನು ಬೈದೆತಿಯೊಬ್ಬಳು ಸಾಕುತ್ತಾಳೆ. ದೇವಸ್ಥಾನಕ್ಕೆ ಹೊರೆ ಹೊತ್ತು ಹೋದ ಅವನಿಗೆ ಒಳಗೆ ಪ್ರವೇಶ ದೊರೆಯುವುದಿಲ್ಲ. ಅಲ್ಲಿಯೇ ಅವನು ಮಾಯವಾಗಿ ದೈವವಾಗುತ್ತಾನೆ. ಕೊರಗಜ್ಜನೆಂದು ಇಂದು ಎಲ್ಲ ಜಾತಿಗಳವರೂ ಅವನಿಗೆ ಚಕ್ಕುಲಿ, ವೀಳ್ಯ, ಕಳ್ಳನ್ನು ಅರ್ಪಿಸುತ್ತಾರೆ. ದೈವದ ಕಾರಣಿಕವು ಹಬ್ಬಿದಷ್ಟು ವೇಗವಾಗಿ, ಬಾಗಿಲಲ್ಲಿ ತಡೆಯಲ್ಪಟ್ಟ ಹುಡುಗನ ಕತೆ ಹಬ್ಬಲಿಲ್ಲ ಎಂಬುದನ್ನು ಗಮನಿಸಬೇಕು.

ಪ್ರದರ್ಶನ ಎಂಬ ಪರಿಕಲ್ಪನೆಯೇ ಇಲ್ಲಿ ತೊಡಕಿನದು. ಕರ್ನಾಟಕ ಕೊರಗರ (ಅಜಲು ಪದ್ಧತಿ ನಿಷೇಧ) ಅಧಿನಿಯಮ, 2000 ನಿಷೇಧಿಸಿದ ಆಚರಣೆಗಳಲ್ಲಿ ಕೂದಲು, ಉಗುರು ಬೆರೆಸಿದ ಅನ್ನವನ್ನು ತಿನ್ನಿಸುವುದೂ ಕಂಬಳಕ್ಕೆ ಮುನ್ನ ಕೊರಗರನ್ನು ಕೋಣಗಳಂತೆ ಓಡಿಸುವುದೂ ಸೇರಿವೆ. ಅಂದರೆ ಈ ಸಮುದಾಯವನ್ನು ನಾಡು ಬಹುಕಾಲ ಪ್ರದರ್ಶನಕ್ಕೆ ಒಡ್ಡಿಯೇ ಅವಮಾನಿಸಿದೆ. ಡೋಲಿನ ಸಮಸ್ಯೆ ಇನ್ನೂ ಸೂಕ್ಷ್ಮ. ಅದು ಕೊರಗರ ಸ್ವಂತ ವಾದ್ಯ, ಅವರ ಸಂಭ್ರಮದ ನಾದ. ಪರರ ಉತ್ಸವಗಳಲ್ಲಿ ಬಿಟ್ಟಿಯಾಗಿ ಬಾರಿಸಬೇಕಾಗಿದ್ದ ವಾದ್ಯವೂ ಅದೇ. ಆದ್ದರಿಂದ ಡೋಲನ್ನು ವೇದಿಕೆಗೆ ತರಬೇಕೆ, ಯಾವ ಸಂದರ್ಭದಲ್ಲಿ, ಯಾವ ಸಂಭಾವನೆಗೆ ಎಂಬುದನ್ನು ಸಮುದಾಯವೇ ನಿರ್ಧರಿಸಬೇಕಾಗುತ್ತದೆ.

ಸಂರಕ್ಷಣೆಯ ಎರಡು ಗಣ್ಯ ಮಾದರಿಗಳು ಈ ಜಿಲ್ಲೆಯಲ್ಲಿಯೇ ಇವೆ. ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವು ಕುಂಜೂರಿನ ಚೌಕಿಮನೆಯೂ ಸೇರಿದಂತೆ ಅಳಿವಿನಂಚಿನ ಮನೆಗಳನ್ನು ಬಿಚ್ಚಿ ತಂದು ಮರುಜೋಡಿಸಿದೆ. ಕು.ಶಿ. ಹರಿದಾಸ ಭಟ್ಟರ ನೇತೃತ್ವದಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ ಬೆಳೆದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಕಲಾವಿದರ ದನಿಯನ್ನು, ಕುಣಿತವನ್ನು ದಾಖಲಿಸಿತು. ಮೊದಲನೆಯದು ವಸ್ತುವನ್ನು ಉಳಿಸಿತು, ಎರಡನೆಯದು ದನಿಯನ್ನು. ಇವೆರಡೂ ಒಂದೆಡೆ ಸೇರುವ, ಸಮುದಾಯದ ಯಜಮಾನಿಕೆಯಲ್ಲೇ ನಡೆಯುವ ಮೂರನೆಯ ಮಾದರಿ ಕೊರಗರಿಗೆ ಅಗತ್ಯವಾಗಿದೆ.

ಇದಕ್ಕೆ ಉಪಯುಕ್ತವಾದ ಹೋಲಿಕೆಯೊಂದು ಆಸ್ಟ್ರೇಲಿಯಾದಲ್ಲಿ ದೊರೆಯುತ್ತದೆ. ಆ ಖಂಡದ ನೈಋತ್ಯ ಭಾಗದ ಮೂಲನಿವಾಸಿಗಳಾದ ನೂಂಗಾರ್ ಜನರ ಮಕ್ಕಳನ್ನು ಸರ್ಕಾರವು ಹೆತ್ತವರಿಂದ ಬೇರ್ಪಡಿಸಿ ಕ್ಯಾರೊಲಪ್ ಎಂಬ ಕೇಂದ್ರದಲ್ಲಿ ಇರಿಸಿತ್ತು. 1940ರ ದಶಕದಲ್ಲಿ ಅಲ್ಲಿಯ ಮಕ್ಕಳು ತಮ್ಮ ನಾಡಿನ ಮರ, ಬೇಟೆ, ಕುಣಿತಗಳನ್ನು ಚಿತ್ರಿಸಿದರು. ಆ ಚಿತ್ರಗಳಲ್ಲಿ ಹಲವು ಇಂಗ್ಲೆಂಡಿನ ದಾರಿಯಾಗಿ ಅಮೆರಿಕದ ಕೋಲ್ಗೇಟ್ ವಿಶ್ವವಿದ್ಯಾಲಯವನ್ನು ಸೇರಿದ್ದವು. 2004ರಲ್ಲಿ ಅಲ್ಲಿ ಅವುಗಳ ಗುರುತು ಸಿಕ್ಕಿತು. 2006ರಲ್ಲಿ ಕೆಲವು ಚಿತ್ರಗಳನ್ನು ಆ ಕೇಂದ್ರಕ್ಕೆ ಸಮೀಪದ ಕಟಾನಿಂಗ್ ಊರಿನಲ್ಲಿಯೇ ಪ್ರದರ್ಶಿಸಲಾಯಿತು. 2013ರಲ್ಲಿ ಸಂಗ್ರಹವು ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯಕ್ಕೆ ಮರಳಿತು. ನಾಡಿಗೆ ಮರಳಿದ ಚಿತ್ರಗಳು ನೂಂಗಾರರಿಗೆ ಕಲಾಕೃತಿಗಳಷ್ಟೇ ಅಲ್ಲ, ಮನೆಮಂದಿಯ ನೆನಪುಗಳೂ ಹೌದು.

ಕೊರಗರ ಸಂದರ್ಭಕ್ಕೆ ಇದರಿಂದ ಕೆಲವು ತತ್ತ್ವಗಳನ್ನು ರೂಪಿಸಿಕೊಳ್ಳಬಹುದು. ಪ್ರದರ್ಶನವು ನಗರದ ಗ್ಯಾಲರಿಗಿಂತ ಮೊದಲು ಕೊರಗರ ಕಾಲೊನಿಗಳಲ್ಲಿ, ಅವರ ಸಂಘಟನೆಗಳ ಮೂಲಕ ನಡೆಯಬೇಕು. ಪ್ರತಿಯೊಂದು ವಸ್ತುವಿನೊಡನೆ ಹೆಣೆದವರ ಹೆಸರು, ಬಳ್ಳಿಯ ಹೆಸರು ಮತ್ತು ಕೊರಗ ನುಡಿಯ ಪದ ಕನ್ನಡ ಲಿಪಿಯಲ್ಲಿರಬೇಕು. ಪಾಡ್ದನ ಹೇಳುವ ಹಿರಿಯರಿಗೂ ಹೆಣಿಗೆ ಕಲಿಸುವವರಿಗೂ ಶಿಕ್ಷಕರಿಗೆ ಸಲ್ಲುವ ಸಂಭಾವನೆ ಸಲ್ಲಬೇಕು. ಧ್ವನಿಮುದ್ರಣದ ಪ್ರತಿ ಸಮುದಾಯದ ಬಳಿಯೂ ಇರಬೇಕು. ಯಾವುದನ್ನು ತೋರಿಸಬಾರದೆಂದು ಹೇಳುವ ಹಕ್ಕು, ತೋರಿಸುವ ಹಕ್ಕಿನಷ್ಟೇ ಮಾನ್ಯವಾಗಬೇಕು.

ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಇದರಲ್ಲಿ ಲಿಪಿಕಾರನ ಕೆಲಸವನ್ನು ಮಾಡಬಹುದು. ಕತೆಗಾರನ ಸ್ಥಾನವನ್ನು ಆಕ್ರಮಿಸಬಾರದು. ಕೊರಗ ನುಡಿಯನ್ನು ಆಡಬಲ್ಲ ಹಿರಿಯರು ಕಡಿಮೆಯಾಗುತ್ತಿರುವುದರಿಂದ, ಪದಗಳನ್ನು ಬರೆದಿಡುವ ಈ ಕೆಲಸ ವಸ್ತುಗಳನ್ನು ಕೂಡಿಡುವ ಕೆಲಸಕ್ಕಿಂತ ಮೊದಲು ನಡೆಯಬೇಕಾಗಿದೆ.