ಸಿಂಪಡಣೆ ಮುಗಿದ ಮೇಲಿನ ಅರ್ಧ ಗಂಟೆ

ಬೆಳೆಗೆ ಔಷಧ ಸಿಂಪಡಿಸಿ ದಣಿದ ರೈತ ಸಂಜೆಯ ಹೊತ್ತಿಗೆ ಬೆನ್ನ ಮೇಲಿನ ಪಂಪನ್ನು ಕೆಳಗಿಳಿಸುತ್ತಾನೆ. ಹತ್ತಿರದಲ್ಲಿ ಹಳ್ಳವಿದ್ದರೆ ಅದನ್ನು ಅಲ್ಲಿಯೇ ಅದ್ದಿ, ಅಲುಗಾಡಿಸಿ, ಒಳಗೆ ಉಳಿದುದನ್ನು ಚೆಲ್ಲಿ ಮನೆಯ ದಾರಿ ಹಿಡಿಯುತ್ತಾನೆ. ಹಳ್ಳವಿಲ್ಲದಿದ್ದರೆ ಕೊಳವೆಬಾವಿಯ ಬುಡವೋ ದನಗಳು ನೀರು ಕುಡಿಯುವ ತೊಟ್ಟಿಯ ಪಕ್ಕವೋ ತೊಳೆಯುವ ಜಾಗವಾಗುತ್ತದೆ. ಈ ದೃಶ್ಯ ನಮಗೆಲ್ಲ ಪರಿಚಿತ. ಔಷಧ ಬೆರೆಸುವಾಗ ಇರುವ ಎಚ್ಚರ ಪಂಪು ತೊಳೆಯುವಾಗ ನಮ್ಮಲ್ಲಿ ಉಳಿಯುವುದಿಲ್ಲ. ನಮ್ಮ ಕೆಲಸ ಮುಗಿದಿರಬಹುದು. ವಿಷದ ಕೆಲಸ ಮುಗಿದಿರುವುದಿಲ್ಲ.

ಪಂಪು ಖಾಲಿಯಾದಂತೆ ಕಂಡರೂ ತೊಟ್ಟಿಯ ತಳದಲ್ಲಿ, ರಬ್ಬರ್ ಕೊಳವೆಯಲ್ಲಿ, ಸೋಸುವ ಜಾಲರಿಯಲ್ಲಿ ಸ್ವಲ್ಪ ದ್ರಾವಣ ನಿಂತಿರುತ್ತದೆ. ನೀರಿಗೆ ಹಾಕಿದೊಡನೆ ಹಾಲಿನಂತೆ ಬೆಳ್ಳಗಾಗುವ ಎಣ್ಣೆರೂಪದ ಔಷಧಗಳು ಪ್ಲಾಸ್ಟಿಕ್ ಗೋಡೆಗೂ ಅಂಟಿಕೊಳ್ಳುತ್ತವೆ. ಈ ಶೇಷ ಹಳ್ಳಕ್ಕೆ ಸೇರಿದರೆ ಮೀನುಗಳು ಸಾಯಬಹುದು, ದನಕರುಗಳು ಆ ನೀರನ್ನೇ ಕುಡಿಯಬಹುದು. ಬಾವಿಯ ಬುಡದಲ್ಲಿ ಚೆಲ್ಲಿದ್ದು ಮತ್ತೆ ನಮ್ಮ ಕೊಡಕ್ಕೇ ಬರಬಹುದು.

ಹಾಗಾದರೆ ತೊಳೆಯುವುದು ಹೇಗೆ? ಹೆಚ್ಚು ನೀರು ಸುರಿಯುವುದಕ್ಕಿಂತ ಹೆಚ್ಚು ಬಾರಿ ತೊಳೆಯುವುದು ಮುಖ್ಯ. ಪಂಪಿನಲ್ಲಿ 200 ಮಿಲಿಲೀಟರ್ ದ್ರಾವಣ ಉಳಿದಿದೆಯೆಂದು ಭಾವಿಸೋಣ. ಒಮ್ಮೆಲೇ 6 ಲೀಟರ್ ನೀರು ಹಾಕಿ ಹೊರಹಾಕಿದರೆ ಒಳಗೆ ಉಳಿದ ದ್ರಾವಣದ ತೀಕ್ಷ್ಣತೆ ಮೊದಲಿನ 31ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದೇ 6 ಲೀಟರನ್ನು ಎರಡೆರಡು ಲೀಟರಿನಂತೆ ಮೂರು ಬಾರಿ ಬಳಸಿದರೆ ಅದು 1331ರಲ್ಲಿ ಒಂದು ಪಾಲಾಗುತ್ತದೆ. ನೀರು ಅಷ್ಟೇ, ಫಲ ಮಾತ್ರ ನಲವತ್ತು ಪಟ್ಟಿಗೂ ಹೆಚ್ಚು.

ಪ್ರತಿ ಬಾರಿಯೂ ಮುಚ್ಚಳ ಬಿಗಿದು ಪಂಪನ್ನು ಚೆನ್ನಾಗಿ ಅಲುಗಾಡಿಸಬೇಕು. ಬಳಿಕ ಆ ನೀರನ್ನು ಕೊಳವೆ ಮತ್ತು ನಾಜಲ್ ಮೂಲಕವೇ ಹೊರಹಾಕಬೇಕು. ಹಾಗೆ ಬಂದ ನೀರಿಗೆ ತಕ್ಕ ಜಾಗ ಹೊಲವೇ. ಸಿಂಪಡಣೆಯ ಕೊನೆಗೆ ಅದೇ ಬೆಳೆಯ ಒಂದೆರಡು ಸಾಲುಗಳನ್ನು ಬಿಟ್ಟುಕೊಂಡಿದ್ದು, ತೊಳೆದ ನೀರನ್ನು ಅವುಗಳ ಮೇಲೆ ಸಿಂಪಡಿಸುವುದು ಉತ್ತಮ. ಇದಕ್ಕಾಗಿ ಶುದ್ಧ ನೀರಿನ ಕೊಡವೊಂದನ್ನು ಮೊದಲೇ ಹೊಲಕ್ಕೆ ಒಯ್ದಿರಬೇಕು. ಖಾಲಿ ಡಬ್ಬಿಯನ್ನೂ ಔಷಧ ಬೆರೆಸುವಾಗಲೇ ಮೂರು ಬಾರಿ ತೊಳೆದು, ಆ ನೀರನ್ನು ಪಂಪಿಗೇ ಸುರಿಯಬೇಕು. ಅನಂತರ ಡಬ್ಬಿಗೆ ತೂತು ಮಾಡಿ, ಯಾರೂ ಎಣ್ಣೆಗೋ ನೀರಿಗೋ ಬಳಸದಂತೆ ನೋಡಿಕೊಳ್ಳಬೇಕು.

ನಾಜಲ್ ಕಟ್ಟಿಕೊಂಡಾಗ ಬಾಯಿಯಿಂದ ಊದುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಇದು ವಿಷವನ್ನು ನೇರವಾಗಿ ತುಟಿಗೆ ತಂದುಕೊಂಡಂತೆ. ಸೂಜಿ ಅಥವಾ ತಂತಿ ಹಾಕಿದರೆ ರಂಧ್ರ ಹಿಗ್ಗಿ ಹನಿಯ ಗಾತ್ರ ಕೆಡುತ್ತದೆ. ನಾಜಲನ್ನು ಬಿಚ್ಚಿ, ಕೈಗವಸು ತೊಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನೀರಿನಲ್ಲಿ ಉಜ್ಜಿದರೆ ಸಾಕು. ಆ ಬ್ರಷ್ಷು ಪಂಪಿನ ಜೊತೆಯಲ್ಲಿಯೇ ಇರಲಿ, ಮನೆಯೊಳಗೆ ಬಾರದಿರಲಿ.

ಕಳೆನಾಶಕದ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. 2,4-ಡಿ ಹೊಡೆದ ಪಂಪನ್ನು ಸರಿಯಾಗಿ ತೊಳೆಯದೆ ಅದರಲ್ಲೇ ಹತ್ತಿಗೆ ಕೀಟನಾಶಕ ಸಿಂಪಡಿಸಿದರೆ, ಅತ್ಯಲ್ಪ ಶೇಷವೂ ಹತ್ತಿಯ ಎಲೆಗಳನ್ನು ಕಿರಿದಾಗಿಸಿ ಮುರುಟಿಸಬಲ್ಲದು. ದ್ರಾಕ್ಷಿ, ಟೊಮೆಟೊಗಳಿಗೂ ಇದೇ ಅಪಾಯ. ಆದ್ದರಿಂದ ಕಳೆನಾಶಕಕ್ಕೆ ಪ್ರತ್ಯೇಕ ಪಂಪನ್ನು ಗುರುತು ಹಾಕಿ ಇಟ್ಟುಕೊಳ್ಳುವುದೇ ಕ್ಷೇಮ.

ವಿಷವು ಬಾಯಿಯಿಂದ ಮಾತ್ರ ಒಳಸೇರುತ್ತದೆಂಬ ನಂಬಿಕೆ ತಪ್ಪು. ಚರ್ಮವೂ ಉಸಿರೂ ಅದಕ್ಕೆ ದಾರಿಗಳೇ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಸಿಂಪಡಣೆಯ ವೇಳೆ ವಿಷ ತಗುಲಿ 20ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅದಕ್ಕಾಗಿ ಪಂಪು ತೊಳೆದು ಮುಗಿಯುವವರೆಗೆ ಕೈಗವಸು, ಮುಖದ ಬಟ್ಟೆ, ಉದ್ದ ತೋಳಿನ ಅಂಗಿ ಮೈಮೇಲೆಯೇ ಇರಬೇಕು. ಬಳಿಕ ಸಾಬೂನು ಹಚ್ಚಿ ಸ್ನಾನ ಮಾಡಿಯೇ ಊಟಕ್ಕೆ ಕೂರಬೇಕು. ತೊಟ್ಟ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ನೆನೆಸಬಾರದು. ಅದನ್ನು ಒಗೆಯುವ ತಾಯಂದಿರೂ ಸೊಸೆಯಂದಿರೂ ಕೈಗವಸು ತೊಡಲಿ. ಹೊಲಕ್ಕೆ ಹೋಗದ ಅವರಿಗೂ ವಿಷ ತಗುಲುವುದು ಹೀಗೆಯೇ.

ತಲೆಸುತ್ತು, ವಾಕರಿಕೆ, ಅತಿಯಾದ ಬೆವರು, ಜೊಲ್ಲು, ಮಸುಕಾದ ದೃಷ್ಟಿ, ಉಸಿರಾಟದ ತೊಂದರೆ ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ 108ಕ್ಕೆ ಕರೆ ಮಾಡಬೇಕು. ಔಷಧದ ಡಬ್ಬಿಯನ್ನು ಅಥವಾ ಅದರ ಚೀಟಿಯನ್ನು ವೈದ್ಯರಿಗೆ ತೋರಿಸಬೇಕು. ಯಾವ ವಿಷವೆಂದು ತಿಳಿದರೆ ಚಿಕಿತ್ಸೆ ಬೇಗ ಸಾಗುತ್ತದೆ.

ತೊಳೆದ ನೀರು ಪರಿಸರವನ್ನಾಗಲಿ ಜಲಮೂಲವನ್ನಾಗಲಿ ಕೆಡಿಸಬಾರದೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ಆದರೆ ಸಂಜೆಗತ್ತಲಲ್ಲಿ, ಹಳ್ಳದ ದಂಡೆಯಲ್ಲಿ ನಮ್ಮನ್ನು ನೋಡಲು ಯಾವ ಅಧಿಕಾರಿಯೂ ಇರುವುದಿಲ್ಲ. ಅಲ್ಲಿ ನಮ್ಮ ವಿವೇಕವೇ ಕಾವಲು. ನಾವು ಮೇಲೆ ಚೆಲ್ಲಿದ ನೀರನ್ನು ಕೆಳಗಿನ ಊರಿನ ಮಗುವೊಂದು ಬೊಗಸೆಯಲ್ಲಿ ಹಿಡಿಯುತ್ತದೆಂಬ ನೆನಪಿದ್ದರೆ, ಮೂರು ಬಾರಿ ತೊಳೆಯುವ ಅರ್ಧ ಗಂಟೆ ನಮಗೆ ಭಾರವೆನಿಸದು.